ಮಕ್ಕಳೊಡನೆ ಕೂಡಿ ಕೇಳುವ ಕಥೆ

ನಮ್ಮ ಯುಗಾದಿ, ದೀಪಾವಳಿ ಕೂಟಗಳಲ್ಲಿ ಊಟದ ಸಾಲಿನಲ್ಲಿ ನಿಂತ ತಾಯ್ತಂದೆಯರು ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಪ್ರಶ್ನೆಗಳಿಗೆ ಈಚೆಗೆ ಹೊಸದೊಂದು ಸೇರಿದೆ: ಮಕ್ಕಳಿಗೆ ಹಾಕಿಕೊಡಲು ಒಳ್ಳೆಯ ಪಾಡ್‌ಕಾಸ್ಟ್ ಯಾವುದಿದೆ? ಪರದೆಗೆ ಕಣ್ಣು ನೆಟ್ಟು ಕೂರುವುದಕ್ಕಿಂತ ಕಿವಿಗೊಟ್ಟು ಕೇಳುವುದು ಮೇಲು ಎಂಬ ಭಾವನೆ ಇದರ ಹಿಂದಿದೆ. ಭಾವನೆಯೇನೋ ಸರಿಯೇ. ಆದರೆ ‘ಹಾಕಿಕೊಡಲು’ ಎಂಬ ಮಾತಿನ ಬಗ್ಗೆ ನಮಗೆ ತುಸು ತಕರಾರಿದೆ. ಹಾಕಿಕೊಟ್ಟು ನಾವು ಎದ್ದುಹೋಗುವುದಾದರೆ ಆಯ್ಕೆಗೆ ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾದ್ದಿಲ್ಲ. ಮನೆಮಂದಿಯೆಲ್ಲ ಕೂತು ಕೇಳಬಹುದಾದದ್ದು ಯಾವುದು, ಅದರಲ್ಲಿ ಕನ್ನಡದ ಪಾಲೆಷ್ಟು ಎಂದು ಕೇಳಿಕೊಂಡಾಗ ಮಾತ್ರ ಆಯ್ಕೆಗೆ ಅರ್ಥ ಬರುತ್ತದೆ.

ಬ್ರಿಟನ್ನಿನ ನಮ್ಮ ಮನೆಗಳಲ್ಲಿ ಮಕ್ಕಳ ಕಿವಿಗೆ ಬೀಳುವ ಕನ್ನಡ ಎಂಥದೆಂದು ಒಂದು ದಿನವಾದರೂ ಗಮನಿಸಿ ನೋಡಬೇಕು. ಏಳು, ಹಲ್ಲುಜ್ಜು, ಬೇಗ ತಿನ್ನು, ಬೂಟು ಹಾಕಿಕೋ, ಟೀವಿ ಆರಿಸು. ಬಹುಪಾಲು ಅದು ಆಜ್ಞೆಯ ಕನ್ನಡ. ಅದಕ್ಕೆ ಮಗು ಕೊಡಬೇಕಾದ ಉತ್ತರವೂ ‘ಹೂಂ’ ಇಲ್ಲವೇ ‘ಊಹೂಂ’ ಅಷ್ಟೆ. ಕಥೆಯ ಕನ್ನಡ ಬೇರೆ ಬಗೆಯದು. ಒಂದೂರಿನಲ್ಲಿ ಒಬ್ಬ ರಾಜನಿದ್ದನಂತೆ ಎನ್ನುವಾಗ ಕೊನೆಗೆ ಬರುವ ‘ಅಂತೆ’ಯನ್ನೇ ನೋಡಿ. ಹೇಳುವವರು ಕಣ್ಣಾರೆ ಕಂಡದ್ದಲ್ಲ, ಇನ್ನೊಬ್ಬರಿಂದ ಕೇಳಿದ್ದು ಎಂಬುದನ್ನು ನಮ್ಮ ಭಾಷೆ ಎರಡೇ ಅಕ್ಷರಗಳಲ್ಲಿ ಮುಗಿಸುತ್ತದೆ. ‘ಬಂದಿದ್ದರೆ’, ‘ಹೋಗಬಹುದಿತ್ತು’, ‘ಹೇಳಲಾರದೆ ಹೋದಳು’ ಎಂಬಂಥ ರೂಪಗಳು, ‘ದಡಬಡ’, ‘ಗಿಜಿಗಿಜಿ’, ‘ಥಟ್ಟನೆ’ ಎಂಬ ಸದ್ದಿನ ಮಾತುಗಳು ಬೆಳಗಿನ ಅವಸರದ ಆಜ್ಞೆಗಳಲ್ಲಿ ಬರುವುದಿಲ್ಲ. ಇವನ್ನು ಕೇಳದೆ ಬೆಳೆದ ಮಗುವಿಗೆ ನಾವು ಹೇಳಿದ್ದು ತಿಳಿಯುತ್ತದೆ. ಆದರೆ ಶಾಲೆಯಲ್ಲಿ ನಡೆದ ಜಗಳವನ್ನು ವಿವರಿಸಬೇಕಾದಾಗ, ಹಾಗಾಗದೆ ಹೀಗಾಗಿದ್ದರೆ ಎಂದು ಊಹಿಸಬೇಕಾದಾಗ ಅದು ಇಂಗ್ಲಿಷಿಗೆ ಜಾರುತ್ತದೆ. ಕೂಡಿ ಕೇಳುವ ಕಥೆಯಿಂದ ನಮಗೆ ಆಗಬೇಕಾದ ಕೆಲಸ ಇರುವುದು ಇಲ್ಲಿ.

ಕೂಡಿ ಕೇಳುವುದು ಕನ್ನಡಿಗರಿಗೆ ಹೊಸತೇನಲ್ಲ. ಗಮಕಿಗಳು ಕುಮಾರವ್ಯಾಸ ಭಾರತವನ್ನು ವಾಚಿಸುವಾಗ, ದಾಸರು ಹರಿಕಥೆ ಹೇಳುವಾಗ ಮಕ್ಕಳಿಗೆಂದು ಬೇರೆ ಸಭೆ ಇರುತ್ತಿರಲಿಲ್ಲ. ಕರಾವಳಿಯ ತಾಳಮದ್ದಳೆಯಲ್ಲಂತೂ ವೇಷವಿಲ್ಲ, ಕುಣಿತವಿಲ್ಲ. ಹಾಡು ಮತ್ತು ಮಾತಿನ ಬಲದ ಮೇಲೆಯೇ ಕೃಷ್ಣನೂ ಕೌರವನೂ ಎದುರಿಗೆ ಬರುತ್ತಾರೆ. ಮಕ್ಕಳು ಅರ್ಧ ತಿಳಿದು, ಅರ್ಧ ತಿಳಿಯದೆ, ಕೊನೆಗೆ ಅಮ್ಮನ ತೊಡೆಯ ಮೇಲೆ ನಿದ್ದೆಹೋಗುತ್ತಲೇ ಆ ಭಾಷೆಯನ್ನು ಕಿವಿಗೆ ತುಂಬಿಕೊಂಡರು. ಮುಂದೆ ರೇಡಿಯೋ ಬಂತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಅಲ್ಲಿ ನಡೆಸತೊಡಗಿದ ಬಾನುಲಿ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಭಾರತದ ಬಾನುಲಿಗೆಲ್ಲ ಹೆಸರಾಯಿತು. ನಾವು ಈಗ ನೆಲೆಸಿರುವ ಈ ನಾಡಿನಲ್ಲಿಯೂ ಬಿಬಿಸಿ 1950ರಿಂದ 1982ರವರೆಗೆ ಪುಟ್ಟ ಮಕ್ಕಳಿಗಾಗಿ ಹದಿನೈದು ನಿಮಿಷಗಳ ‘ಲಿಸನ್ ವಿತ್ ಮದರ್’ ಕಾರ್ಯಕ್ರಮವನ್ನು ಪ್ರಸಾರ ಮಾಡಿತು. ಅಮ್ಮನ ಜೊತೆಗೆ ಕೇಳು ಎಂದು ಹೆಸರಿನಲ್ಲಿಯೇ ಹೇಳಿಬಿಟ್ಟಿದ್ದರು. ಆ ‘ಜೊತೆಗೆ’ ಎಂಬುದು ಇಯರ್‌ಫೋನಿನ ಕಾಲದಲ್ಲಿ ಮೆಲ್ಲಗೆ ಕಳಚಿಹೋಗಿದೆ. ಒಂದೇ ಕಾರಿನಲ್ಲಿ ನಾಲ್ವರು ನಾಲ್ಕು ಲೋಕಗಳಲ್ಲಿ ಇರುವುದು ಈಗ ಯಾರಿಗೂ ವಿಚಿತ್ರವೆನಿಸುವುದಿಲ್ಲ.

ಆದ್ದರಿಂದ ನಮ್ಮ ಮೊದಲ ಸೂತ್ರ ಸರಳ: ಸ್ಪೀಕರಿನಲ್ಲಿ ಕೇಳಿ. ಎರಡನೆಯದು, ದೊಡ್ಡವರಿಗೂ ರುಚಿಸುವುದನ್ನೇ ಆರಿಸಿ. ಮಗುವಿಗೆಂದು ಸಹಿಸಿಕೊಂಡು ಕೂತಿದ್ದೇವೆ ಎಂಬುದು ಮಗುವಿಗೆ ಬೇಗ ತಿಳಿಯುತ್ತದೆ; ಅಪ್ಪನ ಕೈ ಫೋನಿನ ಕಡೆಗೆ ಸರಿದ ಗಳಿಗೆಗೇ ಅದರ ಗಮನವೂ ಸರಿಯುತ್ತದೆ. ಮೂರನೆಯದು, ಹತ್ತರಿಂದ ಇಪ್ಪತ್ತು ನಿಮಿಷ ಸಾಕು. ಉಳಿದ ಹೊತ್ತು ಮಾತಿಗಿರಲಿ. ನಾಲ್ಕನೆಯದು, ‘ಈ ಕಥೆಯ ನೀತಿ ಏನೆಂದರೆ’ ಎಂದು ಮುಗಿಯುವ ಸಂಚಿಕೆಗಳನ್ನು ಆದಷ್ಟು ದೂರವಿಡಿ. ನೀತಿಯನ್ನು ನಿರೂಪಕರೇ ಹೇಳಿಬಿಟ್ಟರೆ ಮಗುವಿಗೆ ಹೇಳಲು ಏನೂ ಉಳಿಯುವುದಿಲ್ಲ. ಐದನೆಯದು, ಮೊದಲು ನೀವೊಮ್ಮೆ ಕೇಳಿ. ನಮ್ಮ ಹಳೆಯ ಕಥೆಗಳಲ್ಲಿ ಮಲತಾಯಿಯ ಕ್ರೌರ್ಯ, ಮೈಬಣ್ಣದ ಹೀಯಾಳಿಕೆ, ಜಾತಿಯ ಮಾತು ಎಲ್ಲವೂ ಇವೆ. ಅವನ್ನು ಬಚ್ಚಿಡಬೇಕೆಂದು ನಾವು ಹೇಳುತ್ತಿಲ್ಲ. ಮಗು ಕೇಳುವ ಪ್ರಶ್ನೆಗೆ ಮನಸ್ಸು ಸಿದ್ಧವಿರಲಿ ಎಂದಷ್ಟೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ‘ಅದು ನಮ್ಮ ಕಡೆಯ ಕನ್ನಡವಲ್ಲ, ಮಕ್ಕಳಿಗೆ ಗೊಂದಲವಾಗುತ್ತದೆ’ ಎಂದು ಧಾರವಾಡದ, ಕಲಬುರಗಿಯ ಅಥವಾ ಮಂಗಳೂರಿನ ದನಿಯನ್ನು ತಳ್ಳಿಹಾಕಬೇಡಿ. ಇಂಗ್ಲಿಷನ್ನು ಸ್ಕಾಟ್ಲೆಂಡಿನವರು ಒಂದು ಬಗೆಯಲ್ಲಿ, ಲಿವರ್‌ಪೂಲಿನವರು ಇನ್ನೊಂದು ಬಗೆಯಲ್ಲಿ ಆಡುವುದನ್ನು ದಿನವೂ ಕೇಳುವ ಮಕ್ಕಳಿಗೆ ‘ಬರ್ತೀನಿ’ ಮತ್ತು ‘ಬರ್ತೇನೆ’ಗಳ ನಡುವಿನ ಅಂತರ ಹೊರೆಯಾಗುವುದಿಲ್ಲ. ಕನ್ನಡವೆಂದರೆ ಅಪ್ಪ ಅಮ್ಮ ಇಬ್ಬರೇ ಆಡುವ ಮನೆಯ ಗುಟ್ಟಿನ ಭಾಷೆ ಎಂದು ತಿಳಿದ ಮಗುವಿಗೆ ಅದು ಒಂದು ನಾಡೇ ಆಡುವ ಭಾಷೆ ಎಂದು ಮನದಟ್ಟಾಗುವುದು ಹೀಗೆ ಬೇರೆ ಬೇರೆ ದನಿಗಳನ್ನು ಕೇಳಿದಾಗಲೇ.

ಮಕ್ಕಳ ಪಾಡ್‌ಕಾಸ್ಟುಗಳಲ್ಲಿ ಇಂಗ್ಲಿಷಿನವೇ ಹೆಚ್ಚು, ಅಚ್ಚುಕಟ್ಟಿನಲ್ಲಿಯೂ ಅವೇ ಮುಂದೆ ಎಂಬ ಆಕ್ಷೇಪವನ್ನು ನಾವು ಒಪ್ಪುತ್ತೇವೆ. ಅಮೆರಿಕದ ವರ್ಮಾಂಟ್ ಸಾರ್ವಜನಿಕ ಬಾನುಲಿಯ ‘ಬಟ್ ವೈ’ ಮಕ್ಕಳೇ ಕಳಿಸಿದ ಪ್ರಶ್ನೆಗಳಿಗೆ ಬಲ್ಲವರಿಂದ ಉತ್ತರ ಹೇಳಿಸುತ್ತದೆ. ಬಾಸ್ಟನ್ನಿನ ಡಬ್ಲ್ಯುಬಿಯುಆರ್ ಕೇಂದ್ರದ ‘ಸರ್ಕಲ್ ರೌಂಡ್’ ನಾನಾ ದೇಶಗಳ ಜನಪದ ಕಥೆಗಳನ್ನು ನಟರ ದನಿಯಲ್ಲಿ ಕೇಳಿಸುತ್ತದೆ. ಇವನ್ನು ಬಿಡಬೇಕಾಗಿಲ್ಲ. ಕೇಳುವುದು ಇಂಗ್ಲಿಷಿನಲ್ಲಿ ಆದರೂ ರಾತ್ರಿಯ ಊಟದ ಹೊತ್ತಿಗೆ ಅದನ್ನು ಕನ್ನಡದಲ್ಲಿ ಮತ್ತೆ ಹೇಳುವ ರೂಢಿ ಇಟ್ಟುಕೊಳ್ಳಬಹುದು. ಮೊದಲ ವಾಕ್ಯ ನಮ್ಮದು, ಮುಂದಿನದು ಮಗುವಿನದು. ಪದ ಸಿಗದಾಗ ಕೈಹಿಡಿದು ದಾಟಿಸುವುದು. ಮಧ್ಯೆ ತಿದ್ದಲು ಹೋಗಬಾರದು. ಹರೆಯಕ್ಕೆ ಕಾಲಿಟ್ಟ ಮಕ್ಕಳಿಗೆ ಕಥೆಗಿಂತ ವಿಚಾರ ಹಿಡಿಸಬಹುದು. ವಿಜ್ಞಾನ, ಇತಿಹಾಸ, ಅರ್ಥಶಾಸ್ತ್ರಗಳನ್ನು ಹರಟೆಯ ಧಾಟಿಯಲ್ಲಿ ಚರ್ಚಿಸಿದ ‘ತಲೆ-ಹರಟೆ’ಯ ಸಂಚಿಕೆಗಳು ಅವರಿಗೆ ಒಪ್ಪುತ್ತವೆ. ಒಂದನ್ನು ಎರಡು ಮೂರು ಕಂತಿನಲ್ಲಿ ಕೇಳಿದರೂ ತಪ್ಪಿಲ್ಲ.

ತಾಯ್ತಂದೆಯರಲ್ಲಿ ಒಬ್ಬರಿಗೆ ಕನ್ನಡ ಬಾರದ ಮನೆಗಳೂ ನಮ್ಮ ಬಳಗದಲ್ಲಿವೆ. ಅಲ್ಲಿ ಕೂಡಿ ಕೇಳುವುದು ಹೇಗೆ? ಅಂಥ ಮನೆಯಲ್ಲಿ ಮಗುವೇ ದುಭಾಷಿಯಾಗಲಿ. ತನಗೆ ಗೊತ್ತಿರುವುದನ್ನು ಅಪ್ಪನಿಗೋ ಅಮ್ಮನಿಗೋ ತಿಳಿಸಿಕೊಡುವ ಹಿರಿಮೆಗಿಂತ ಹೆಚ್ಚಿನ ಬಹುಮಾನ ಆರು ವರ್ಷದ ಮಗುವಿಗೆ ಇನ್ನೊಂದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನಮಗೆ ಅತ್ಯುತ್ತಮವೆಂದು ತೋರುವ ಪಾಡ್‌ಕಾಸ್ಟ್ ಯಾವ ಆ್ಯಪಿನಲ್ಲಿಯೂ ಇಲ್ಲ. ಅದು ಊರಿನಲ್ಲಿರುವ ಅಜ್ಜ ಅಜ್ಜಿಯರ ದನಿ. ಇಲ್ಲಿ ಮಕ್ಕಳ ಶಾಲೆ, ಈಜು, ಊಟ ಮುಗಿದು ಸಂಜೆ 7 ಗಂಟೆಯಾಗುವ ಹೊತ್ತಿಗೆ ಊರಿನಲ್ಲಿ ಬೇಸಿಗೆಯಾದರೆ ರಾತ್ರಿ 11.30, ಚಳಿಗಾಲವಾದರೆ 12.30. ಮಲಗುವ ವೇಳೆಗೆ ಕಥೆ ಹೇಳಬೇಕಾದವರು ಆಗಲೇ ಮಲಗಿರುತ್ತಾರೆ. ವಾರಾಂತ್ಯದ ವಿಡಿಯೋ ಕರೆಯಲ್ಲಿ ‘ಊಟ ಆಯ್ತಾ, ಅಲ್ಲಿ ಚಳಿಯಾ’ ಎಂಬ ಕುಶಲ ದಾಟಿ ಮಾತು ಮುಂದೆ ಹೋಗುವುದೇ ಕಡಿಮೆ. ಅದೇ ಅಜ್ಜಿ ಮಧ್ಯಾಹ್ನದ ಬಿಡುವಿನಲ್ಲಿ ಹತ್ತು ನಿಮಿಷದ ಕಥೆಯೊಂದನ್ನು ಫೋನಿಗೆ ಹೇಳಿ ಕಳಿಸಿದರೆ ಸಂಜೆ ಅದು ಇಲ್ಲಿ ಎಲ್ಲರ ಕಿವಿಗೂ ಸಿಗುತ್ತದೆ. ನಡುವೆ ಕುಕ್ಕರಿನ ಸೀಟಿ, ಬೀದಿಯ ತರಕಾರಿಯವನ ಕೂಗು ಬಂದರೆ ಅಳಿಸಬೇಡಿ. ಮಕ್ಕಳು ಕೇಳಬೇಕಾದ ಊರು ಅದೇ. ಹೇಳಲು ಕಥೆ ನೆನಪಾಗದಿದ್ದರೆ ತಮ್ಮ ಶಾಲೆಯ ದಾರಿಯನ್ನೋ, ಮನೆಯಲ್ಲಿದ್ದ ಎಮ್ಮೆಯನ್ನೋ ಕುರಿತು ಹೇಳಲಿ. ಪುಸ್ತಕದ ಕಥೆ ಬೇಕೆಂದರೆ ಪ್ರಥಮ್ ಬುಕ್ಸ್‌ನ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಮೂಲ ಲೇಖಕರ ಮತ್ತು ಪ್ರಕಾಶಕರ ಹೆಸರು ಹೇಳಿ ಅವನ್ನು ಓದಿ ಧ್ವನಿಮುದ್ರಿಸಿಕೊಳ್ಳಲು ಅನುಮತಿಯೂ ಉಂಟು.

ಈ ಕೆಲಸವನ್ನು ಮುಂದಿನ ರಜೆಗೆಂದು ಮುಂದೂಡಬಾರದು. ಪಾಡ್‌ಕಾಸ್ಟುಗಳು ಮುಂದಿನ ವರ್ಷವೂ ಇರುತ್ತವೆ. ಎಂಬತ್ತರ ಹಿರಿಯರ ದನಿಯ ವಿಷಯದಲ್ಲಿ ಹಾಗೆ ಹೇಳಲಾಗದು. ಈ ವಾರ ಬಿಡುವು ಮಾಡಿಕೊಂಡು ಊರಿಗೆ ಕರೆ ಮಾಡಿ. ಕುಶಲ ವಿಚಾರಿಸಿದ ಮೇಲೆ, ‘ಮಕ್ಕಳಿಗೊಂದು ಕಥೆ ಹೇಳಿ ಕಳಿಸಿ, ನಾವೂ ಕೇಳುತ್ತೇವೆ’ ಎನ್ನಿ.