ಅಟ್ಟದ ಮೇಲಿನ ರಾಕೆಟ್ ಡಬ್ಬ

1/4
ದೀಪಾವಳಿ ಮುಗೀತು. ಉಳಿದ ರಾಕೆಟ್ ಎಲ್ಲಿಟ್ರಿ? ಅಟ್ಟದ ಮೇಲೆ ತಾನೇ? ತುಳಸಿ ಹಬ್ಬಕ್ಕೆ ಹಚ್ಚಿ ಮುಗಿಸಿದ್ರೆ ಸರಿ. "ಮುಂದಿನ ವರ್ಷಕ್ಕಾಯ್ತು" ಅಂತ ಎತ್ತಿಟ್ಟಿದ್ರೆ ಈ ಪೋಸ್ಟ್ ನಿಮಗೇ.

2/4
ರಾಕೆಟ್ ಅಂದ್ರೆ ಪೂರ್ತಿ ಜೋಡಿಸಿಟ್ಟ ಮೋಟಾರ್. ಮದ್ದು ತುಂಬಿದೆ, ಬತ್ತಿ ಸಿಕ್ಕಿಸಿದೆ, ಕಿಡಿ ಒಂದೇ ಬಾಕಿ. ವರ್ಷವಿಡೀ ತೇವ, ಕಾವು ತಿಂದು ಒಳಗೆ ಒತ್ತಿಟ್ಟ ಮದ್ದು ಬಿರುಕು ಬಿಡಬಹುದು. ಬಿರುಕಿದ್ರೆ ಜಾಸ್ತಿ ಮದ್ದಿಗೆ ಒಟ್ಟಿಗೇ ಬೆಂಕಿ ಹತ್ತುತ್ತೆ. ಮೇಲೆ ಹಾರೋ ಬದಲು ಬಾಟಲಿಯಲ್ಲೇ ಸಿಡಿಯಬಹುದು. "ಬಿಸಿಲಿಗಿಟ್ರೆ ಸರಿಹೋಗುತ್ತೆ" ಅನ್ನೋರೇ, ಬಿಸಿಲು ತೇವ ತೆಗೆಯುತ್ತೆ, ಬಿರುಕು ಮುಚ್ಚಲ್ಲ.

3/4
"ಒಂದು ಡಬ್ಬ ಅಷ್ಟೇ" ಅಂತೀರಾ? 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಗೋದಾಮು ಹೊತ್ತಿ ಉರೀತು. 14ಕ್ಕೂ ಹೆಚ್ಚು ಜನ ಸತ್ರು. ಅವರಲ್ಲಿ ನಮ್ಮ ವಯಸ್ಸಿನ ಹುಡುಗರೂ ಇದ್ರು. ಅಲ್ಲಿ ರಾಶಿ ಇತ್ತು, ನಿಮ್ಮಲ್ಲಿ ಡಬ್ಬ ಇದೆ, ನಿಜ. ಆದ್ರೆ ಮದ್ದಿನ ಗುಣ ಅದೇ. ನಿಮ್ಮ ಅಟ್ಟದ ಕೆಳಗಿರೋದು ಗ್ಯಾಸ್ ಒಲೆ.

4/4
"ದುಡ್ಡು ವೇಸ್ಟ್" ಅನ್ನೋ ಬಿಕಾಂ ಗೆಳೆಯರೇ, ಅದು ಸಂಕ್ ಕಾಸ್ಟ್ ಕಣ್ರೋ! ಕೊಂಡ ದಿನವೇ ಹೋದ ದುಡ್ಡು. ಬಕೆಟ್ ನೀರಲ್ಲಿ ರಾತ್ರಿಯಿಡೀ ಮುಳುಗಿಸಿಡಿ, ಪೂರ್ತಿ ನೆನೆದ ಮೇಲೆ ಎಸೀರಿ. ಮುಂದಿನ ಸಲ ಹಚ್ಚೋವಷ್ಟೇ ತನ್ನಿ. ಈಗ ಫೋನ್ ಇಟ್ಟು ಅಟ್ಟ ನೋಡಿ.