ಟೋಪಿ ಹಾಕಿದ ಆ ಹುಡುಗ ಯಾರು?

ಸಮುದ್ರ ಅಂದ ಕೂಡಲೇ ನಮ್ಮ ಸಿನಿಮಾ ಮಂದಿಗೆ ನೆನಪಾಗೋದು ಒಂದೇ. ಡ್ಯುಯೆಟ್! ನಾಯಕಿ ಓಡಬೇಕು, ನಾಯಕ ಅಟ್ಟಿಸಿಕೊಂಡು ಹೋಗಬೇಕು, ಅಲೆ ಬಂದು ಇಬ್ಬರ ಕಾಲನ್ನೂ ತೋಯಿಸಬೇಕು. ಫಾರಿನ್ ಸಮುದ್ರವಾದರಂತೂ ಕೇಳಲೇಬೇಡಿ. 1978ರಲ್ಲಿ ವಿಷ್ಣುವರ್ಧನ್, ದ್ವಾರಕೀಶ್ ಜೋಡಿಯ 'ಸಿಂಗಪೂರ್‌ನಲ್ಲಿ ರಾಜಾಕುಳ್ಳ' ಬಂತಲ್ಲ, ಹೊರದೇಶಕ್ಕೆ ಹೋಗಿ ಷೂಟಿಂಗ್ ಮಾಡಿದ ಮೊದಲ ಕನ್ನಡ ಚಿತ್ರ, ಅಂದಿನಿಂದ ನಮ್ಮ ಪ್ರೇಕ್ಷಕ ಮಹಾಶಯರ ತಲೆಯಲ್ಲಿ ಒಂದು ಲೆಕ್ಕ ಕೂತುಬಿಟ್ಟಿದೆ. ಫಾರಿನ್ ಅಂದರೆ ಮಜಾ. ಫಾರಿನ್ ಸಮುದ್ರ ಅಂದರೆ ಡಬಲ್ ಮಜಾ!

ಈ ಲೆಕ್ಕ ಎಲ್ಲಿ ತಪ್ಪಿತು ಅನ್ನೋದೇ ಈ ವಾರದ ಕಥೆ. ಕಥೆ ಅಂದೆನಾ? ಅಲ್ಲ ಸ್ವಾಮೀ, ನಡೆದದ್ದು.

ನಮ್ಮ ಬೀದಿಯಲ್ಲಿ ಒಬ್ಬರು ರಿಟೈರ್ಡ್ ಬಸ್ ಕಂಡಕ್ಟರ್ ಇದ್ದಾರೆ. ಹುಡುಗರೆಲ್ಲ ಅವರನ್ನು 'ಕಂಡಕ್ಟರ್ ಮಾವ' ಅಂತಲೇ ಕರೆಯೋದು. ಅವರ ಮಗನೂ ನಾನೂ ಪಿ.ಯು.ಸಿ.ಯಲ್ಲಿ ಒಂದೇ ಬೆಂಚು. ನಾನು ಅರ್ಧಕ್ಕೇ ಎದ್ದು ಬಂದೆ, ಅವನು ಓದುತ್ತಲೇ ಹೋದ. ಬೆಂಗಳೂರಲ್ಲಿ ನಾಲ್ಕು ವರ್ಷ ಕೆಲಸ ಮಾಡಿ, ಸಾಲದು ಅಂತ ಈಗ ಲಂಡನ್ನಿನಲ್ಲಿ ಎಂ.ಎಸ್ಸಿ. ಒಂದು ವರ್ಷದ ಕೋರ್ಸು. ಮಾವ ಮನೆಯ ಪತ್ರ ಬ್ಯಾಂಕಿನಲ್ಲಿಟ್ಟು ಕಳಿಸಿದ್ದಾರೆ.

ಕಳೆದ ಜೂನ್‌ನಲ್ಲಿ ಒಂದು ಭಾನುವಾರ ಸಂಜೆ ಮಾವ ನಮ್ಮ ಮನೆ ಬಾಗಿಲಿಗೆ ಬಂದರು. ಕೈಯಲ್ಲಿ ಮೊಬೈಲು. ಮುಖ ಮಾತ್ರ ಚಿಲ್ಲರೆ ಕೊಡದ ಪ್ಯಾಸೆಂಜರನ್ನು ನೋಡಿದ ಹಾಗೆ.

"ನೋಡಪ್ಪಾ, ನಿನ್ನ ಫ್ರೆಂಡು ಓದ್ತಾ ಇರೋದು!"

ನೋಡಿದೆ. ಫೋಟೋ. ನೀಲಿ ಆಕಾಶ, ನೀಲಿ ಕಡಲು, ದಡದ ತುಂಬ ಬಿಸಿಲಿಗೆ ಮೈಯೊಡ್ಡಿದ ಬಿಳೀ ಜನ. ಮುಂದೆ ಸಾಲಾಗಿ ಐದು ಜನ ನಮ್ಮ ಹುಡುಗರು, ಎಲ್ಲರ ಬಾಯಲ್ಲೂ ನಗು. ಇಬ್ಬರ ಕೈಯಲ್ಲಿ ಬಾಟಲಿ! ನಡುವೆ ಒಬ್ಬ ಟೋಪಿ ಹಾಕಿಕೊಂಡು, ಕಪ್ಪು ಕನ್ನಡಕ ಏರಿಸಿಕೊಂಡು, ಥೇಟ್ ಹೀರೋ ಹಾಗೆ ನಿಂತಿದ್ದ. ಅವನ ಹೆಗಲ ಮೇಲೆ ಕೈ ಹಾಕಿ ನಿಂತವನೇ ಮಾವನ ಮಗ.

ಮಗ ಕಳಿಸಿದ ಫೋಟೋ ಅಲ್ಲ ಇದು. ಯಾರದೋ ಸ್ಟೇಟಸ್‌ನಲ್ಲಿ ಇದ್ದದ್ದನ್ನು ನೆಂಟರೊಬ್ಬರು ಇಳಿಸಿಕೊಂಡು, ಕೆಳಗೆ "ಚೆನ್ನಾಗಿ ಓದ್ತಿದ್ದಾನೆ ಅಳಿಯ" ಅಂತ ಒಂದು ಸಾಲು ಸೇರಿಸಿ ಕಳಿಸಿದ್ದರು. ನೆಂಟರು ಅಂದರೆ ಹೀಗಿರಬೇಕು ನೋಡಿ! ಬೆಳಗಿನಿಂದ ಬೀದಿಯಲ್ಲೂ ಶುರುವಾಗಿತ್ತು. "ಮನೆ ಅಡ ಇಟ್ಟಿದ್ದು ಮಗ ಬೀಚಿನಲ್ಲಿ ಕುಡಿಯೋಕಾ?"

"ನಾನು ಕೇಳಿದ್ರೆ ಜಗಳ ಆಗತ್ತೆ. ನೀನು ಪೇಪರಿನವನು, ನಯವಾಗಿ ಕೇಳು. ಆ ಟೋಪಿ ಹಾಕಿದ ಹುಡುಗ ಯಾರು? ಅವನ ಸಹವಾಸದಿಂದಲೇ ನನ್ನ ಮಗ ಕೆಟ್ಟಿರೋದು" ಅಂದರು ಮಾವ.

* * *

ರಾತ್ರಿ ಫೋನು ಹಚ್ಚಿದೆ. ನಿಜ ಹೇಳ್ತೀನಿ, ನನಗೂ ಒಳಗೊಳಗೇ ಹೊಟ್ಟೆಕಿಚ್ಚು. ನಾವಿಲ್ಲಿ ಪ್ರೆಸ್ ಮೀಟಿನ ಉಪ್ಪಿಟ್ಟು ತಿಂದುಕೊಂಡು ತಿರುಗೋದು, ಇವನು ಅಲ್ಲಿ ಕಡಲ ತೀರದಲ್ಲಿ!

"ಲೋ, ಯಾವ ಬೀಚೋ ಅದು?" ಅಂದೆ.

"ಬ್ರೈಟನ್ ಕಣೋ. ಯಾಕೆ?"

ಬ್ರೈಟನ್ ಅಂದದ್ದೇ ತಡ, ನನ್ನ ಸಿನಿಮಾ ತಲೆ ಓಡತೊಡಗಿತು. ಓದುಗರೇ, ಲಂಡನ್ನಿನಿಂದ ದಕ್ಷಿಣಕ್ಕೆ ಸುಮಾರು 80 ಕಿಲೋಮೀಟರ್, ರೈಲಿನಲ್ಲಿ ಒಂದು ಗಂಟೆಯ ದಾರಿ. ಸಿನಿಮಾದವರಿಗೆ ಈ ಊರು ತವರುಮನೆ ಇದ್ದ ಹಾಗೆ. 1947ರಲ್ಲಿ ಬಂದ 'ಬ್ರೈಟನ್ ರಾಕ್' ಚಿತ್ರದಲ್ಲಿ ಇದೇ ಊರಿನ ಪುಂಡನ ಪಾತ್ರ ಮಾಡಿದ ಹುಡುಗ ಯಾರು ಗೊತ್ತೇ? ರಿಚರ್ಡ್ ಅಟೆನ್‌ಬರೋ! ಆತ 1969ರಲ್ಲಿ ಮೊದಲ ಸಲ ನಿರ್ದೇಶಕನ ಟೋಪಿ ಹಾಕಿದಾಗ 'ಓ! ವಾಟ್ ಎ ಲವ್ಲಿ ವಾರ್' ಚಿತ್ರಕ್ಕೆ ಸೆಟ್ ಮಾಡಿಕೊಂಡದ್ದು ಬ್ರೈಟನ್ನಿನ ವೆಸ್ಟ್ ಪಿಯರ್ ಮೇಲೆ. ಪಿಯರ್ ಅಂದರೆ ಕಡಲೊಳಗೆ ಕಂಬ ನೆಟ್ಟು ಚಾಚಿದ ಕಟ್ಟೆ, ಜಾತ್ರೆಯ ಬೀದಿ ಅಂದುಕೊಳ್ಳಿ. 1866ರ ಆ ಪಿಯರ್ 2003ರಲ್ಲಿ ಬೆಂಕಿ ಬಿದ್ದು ಸುಟ್ಟಿತು, ಈಗ ಕಬ್ಬಿಣದ ಅಸ್ಥಿಪಂಜರ ನೀರಿನಲ್ಲಿ ನಿಂತಿದೆ. ಅದೇ ಅಟೆನ್‌ಬರೋ ಮುಂದೆ 1982ರಲ್ಲಿ 'ಗಾಂಧಿ' ಮಾಡಿ ಎಂಟು ಆಸ್ಕರ್ ಎತ್ತಿಕೊಂಡು ಹೋದ ಕಥೆ ನಿಮಗೆ ಗೊತ್ತೇ ಇದೆ.

ಇನ್ನೂ ಹಿಂದಕ್ಕೆ ಹೋದರೆ, ಬ್ರೈಟನ್ನಿಗೆ ಅಂಟಿಕೊಂಡೇ ಇರುವ ಹೋವ್ ಎಂಬಲ್ಲಿ ಜಾರ್ಜ್ ಆಲ್ಬರ್ಟ್ ಸ್ಮಿತ್ ಎಂಬ ಆಸಾಮಿ 1900ರಲ್ಲಿ ಒಂದು ಪುಟಾಣಿ ಚಿತ್ರ ತೆಗೆದ. ಹುಡುಗನೊಬ್ಬ ಅಜ್ಜಿಯ ಭೂತಗನ್ನಡಿ ಹಿಡಿದು ಗಡಿಯಾರ, ಬೆಕ್ಕಿನ ಮರಿ ಎಲ್ಲ ನೋಡ್ತಾನೆ. ಅಜ್ಜಿಯ ಕಣ್ಣನ್ನೂ ನೋಡ್ತಾನೆ, ತೆರೆಯ ತುಂಬ ಬರೀ ಒಂದು ಕಣ್ಣು! ಇವತ್ತು ನಾವು ಕ್ಲೋಸಪ್ ಅಂತೀವಲ್ಲ, ಅದನ್ನು ಮೊದಮೊದಲು ಕಥೆಯೊಳಗೆ ಹೆಣೆದವರಲ್ಲಿ ಈತ ಒಬ್ಬ.

ಇದನ್ನೆಲ್ಲ ಒಂದೇ ಉಸಿರಿಗೆ ಅವನಿಗೆ ಹೇಳಿದೆ. ಅತ್ತ ಕಡೆಯಿಂದ ಮಾತಿಲ್ಲ.

"ನಿನ್ನ ಸಿನಿಮಾ ಪುರಾಣ ಸಾಕು ಕಣೋ. ಫೋಟೋ ಅಪ್ಪನಿಗೆ ಸಿಕ್ತಾ?" ಅಂದ.

"ಸಿಕ್ಕಿದೆ. ಟೋಪಿ ಹಾಕಿದ ಹುಡುಗ ಯಾರು ಅಂತ ಕೇಳ್ತಿದ್ದಾರೆ."

ಮತ್ತೆ ಮಾತಿಲ್ಲ. ಆಮೇಲೆ ಹೇಳಿದ.

* * *

ಆ ಹುಡುಗ ಮೈಸೂರು ಕಡೆಯವನು. ಇವರಿದ್ದ ಬಾಡಿಗೆ ಮನೆಯಲ್ಲಿ ಐದು ಜನ, ಇವನ ರೂಮಿನಲ್ಲೇ ಅವನೂ. ಓದು, ಲೈಬ್ರರಿ, ಅದರ ಮೇಲೆ ಕೆಲಸ. ಅಲ್ಲಿಯ ಕಾನೂನಿನ ಪ್ರಕಾರ ಪಾಠ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವ ಹಾಗಿಲ್ಲ. ಆ 20 ಗಂಟೆಯೂ ಹೆಚ್ಚಾಗಿ ಶನಿವಾರ, ಭಾನುವಾರಕ್ಕೇ ಬೀಳೋದು, ಒಂದು ಹೋಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯೋದು. ಏಳು ತಿಂಗಳಲ್ಲಿ ಐದೂ ಜನ ಒಟ್ಟಿಗೆ ರಜೆ ಹಾಕಿದ್ದು ಅದೇ ಮೊದಲ ಶನಿವಾರವಂತೆ.

ಯಾಕೆ ಹಾಕಿದರು? ಅದಕ್ಕೆ ಹತ್ತು ದಿನ ಹಿಂದೆ ಆ ಹುಡುಗನ ತಂದೆ ಊರಲ್ಲಿ ತೀರಿಕೊಂಡಿದ್ದರು.

"ರಾತ್ರಿ ಮೂರು ಗಂಟೆಗೆ ಫೋನ್ ಬಂತು ಕಣೋ. ಅವನು ಎದ್ದು ಕೂತ, ಅಷ್ಟೇ. ಅಳಲಿಲ್ಲ. ಎರಡು ಪೇಪರ್ ಬಾಕಿ ಇತ್ತು. ನಿಂತ ನಿಲುವಲ್ಲಿ ಟಿಕೆಟ್ ತಗೊಂಡ್ರೂ ದಹನಕ್ಕೆ ತಲುಪೋಕೆ ಆಗ್ತಿರಲಿಲ್ಲ. ಅವರಣ್ಣ ಹೇಳಿದ್ರಂತೆ, ನೀನು ಪರೀಕ್ಷೆ ಬರಿ, ಅಪ್ಪ ಸಾಲ ಮಾಡಿದ್ದು ಅದಕ್ಕೇ ಅಂತ. ಬರೆದ. ಬರೆದು ಬಂದು ರೂಮಿನ ಬಾಗಿಲು ಹಾಕಿಕೊಂಡ. ನಾನು ಹೊರಗೆ ಸೋಫಾ ಮೇಲೆ ಮಲಗ್ತಿದ್ದೆ. ಊಟ ಬಾಗಿಲ ಹತ್ತಿರ ಇಡ್ತಿದ್ವಿ. ಅರ್ಧ ತಿಂದಿರ್ತಿದ್ದ, ಅರ್ಧ ಇಲ್ಲ."

ಹನ್ನೊಂದನೇ ದಿನ ಶನಿವಾರ ಬಂತು. ಊರಲ್ಲಿ ಅಣ್ಣ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಕಾರ್ಯ ಮಾಡುವವನಿದ್ದ. ಹಿಂದಿನ ರಾತ್ರಿ ಈ ಹುಡುಗ ಬಾಗಿಲು ತೆಗೆದು ಹೊರಗೆ ಬಂದು ಒಂದೇ ಮಾತು ಕೇಳಿದನಂತೆ.

"ಇಲ್ಲಿ ಹರಿಯೋ ನೀರು ಎಲ್ಲಿದೆ? ನಾನೂ ಒಂದು ಮುಳುಗು ಹಾಕಬೇಕು."

ಲಂಡನ್ನಿನ ನಡುವೆ ಥೇಮ್ಸ್ ಇದೆ, ಆದರೆ ಅಲ್ಲಿ ಇಳಿಯೋ ಹಾಗೆಲ್ಲಿ? ಕಡಲೇ ಸರಿ ಅಂತಾಯಿತು. ಮಾವನ ಮಗ ಗಡ್ಡ ಬೋಳಿಸುವ ಮೆಷಿನ್ನಿನಲ್ಲಿ ಅವನ ತಲೆ ಬೋಳಿಸಿದ. ಮೂರು ಜನ ಇಲ್ಲವೇ ಅದಕ್ಕಿಂತ ಹೆಚ್ಚಿದ್ದರೆ ರೈಲಿನಲ್ಲಿ ಮೂರನೇ ಒಂದು ಭಾಗ ರಿಯಾಯಿತಿ ಉಂಟು, ಆ ಟಿಕೆಟ್ ತೆಗೆದರು. ಐಸ್‌ಕ್ರೀಂ ಡಬ್ಬಿಯಲ್ಲಿ ಚಿತ್ರಾನ್ನ ತುಂಬಿಕೊಂಡರು. ಹೊರಟರು.

"ಬೀಚು ಅಂದ್ರೆ ಮರಳು ಅಂದುಕೊಂಡಿದ್ವಿ. ಮರಳೇ ಇಲ್ಲ! ಬರೀ ಗುಂಡುಕಲ್ಲು. ಬರಿಗಾಲಲ್ಲಿ ನಡೆದ್ರೆ ಜೀವ ಹೋಗತ್ತೆ. ಜೂನ್ ತಿಂಗಳು, ಬಿಸಿಲು ಬೇರೆ, ಆದ್ರೂ ನೀರು ಮಾತ್ರ ಐಸು. ಎರಡು ಹೆಜ್ಜೆ ಇಟ್ರೆ ಸೊಂಟದ ಮಟ್ಟ, ಹಾಗೆ ಇಳಿಜಾರು. ಅವನು ಒಬ್ಬನೇ ಇಳೀತೀನಿ ಅಂದ. ನಾನು ಬಿಡಲಿಲ್ಲ, ಕೈ ಹಿಡ್ಕೊಂಡೆ. ಸುತ್ತ ಜನ ಚೆಂಡಾಡ್ತಿದ್ರು, ಹಾಡು ಹಾಕಿದ್ರು. ಅವನು ಮೂರು ಸಲ ಮುಳುಗಿದ. ಮೂರನೇ ಸಲ ಎದ್ದಾಗ ಅತ್ತ ನೋಡು. ಹತ್ತು ದಿನ ಆದ ಮೇಲೆ."

ಆ ಹೊತ್ತಿಗೆ ಊರಲ್ಲಿ ಕಾರ್ಯ ಮುಗಿದು ಎಲೆ ಹಾಕಿದ್ದರಂತೆ. ಇವರು ಕಲ್ಲಿನ ಮೇಲೆ ಕೂತು ಚಿತ್ರಾನ್ನದ ಡಬ್ಬಿ ತೆಗೆದರು. ಮೊದಲ ತುತ್ತು ತೆಗೆದು ಒಂದು ಕಲ್ಲಿನ ಮೇಲೆ ಇಟ್ಟರು. ಕಾಗೆಗೆ ಇಡುವ ತುತ್ತು. ಕಾಗೆ ಎಲ್ಲಿ ಬರಬೇಕು! ಬಾತುಕೋಳಿಯಷ್ಟು ದಪ್ಪದ ಒಂದು ಬಿಳೀ ಕಡಲಹಕ್ಕಿ ಸೊಯ್ ಅಂತ ಇಳಿದು ತುತ್ತು ಎತ್ತಿಕೊಂಡು ಹೋಯಿತು. ಅಲ್ಲಿಯ ಆ ಹಕ್ಕಿಗಳು ಕೈಯಲ್ಲಿರೋ ತಿಂಡಿಯನ್ನೇ ಕಸಿದುಕೊಳ್ಳುವ ಕಳ್ಳರು. ಆದರೂ ಆ ಹುಡುಗ, "ಅಪ್ಪನಿಗೆ ಯಾವಾಗ್ಲೂ ಅವಸರ" ಅಂದನಂತೆ. ಎಲ್ಲರೂ ನಕ್ಕರು, ಅವನೂ ನಕ್ಕ.

ಆಗಲೇ ಅವನ ತಾಯಿಯ ಫೋನು. "ನೀನು ಹೇಗಿದ್ದೀಯಾ ಅಂತ ನೋಡಬೇಕು ಮಗಾ. ನಗ್ತಾ ಇರೋದು ಒಂದು ಫೋಟೋ ಕಳಿಸು."

ಬೋಳು ತಲೆ ಕಂಡರೆ ತಾಯಿ ಅಳ್ತಾಳೆ, ಟೋಪಿ ಹಾಕಿದರು. ಕಣ್ಣು ಊದಿತ್ತು, ಕಪ್ಪು ಕನ್ನಡಕ ಹಾಕಿದರು. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬ ಅಜ್ಜಿ ಫೋಟೋ ತೆಗೆದುಕೊಟ್ಟಳು. ಆ ಬಾಟಲಿಗಳೇನು ಅಂದಿರಾ? ಹೆಸರಿಗೆ ಜಿಂಜರ್ ಬಿಯರ್, ಒಳಗಿರೋದು ಶುಂಠಿ ಸೋಡಾ!

"ಇಷ್ಟೆಲ್ಲ ಆಗಿದೆ, ಅಪ್ಪನಿಗೆ ಯಾಕೋ ಹೇಳಲಿಲ್ಲ?" ಅಂದೆ.

"ಏನಂತ ಹೇಳ್ಲಿ? ನಾಳೆ ನಿಮಗೇನಾದ್ರೂ ಆದ್ರೆ ನಿಮ್ಮ ಮಗನೂ ಹೀಗೇ ಅಂತ ಹೇಳ್ಲಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

* * *

ಇನ್ನೊಂದು ವಿಷಯ ಹೇಳಲೇಬೇಕು. ಬ್ರೈಟನ್ನಿನಲ್ಲಿ ರಾಯಲ್ ಪೆವಿಲಿಯನ್ ಎಂಬ ಅರಮನೆ ಇದೆ. ಇಂಗ್ಲೆಂಡಿನ ದೊರೆ ನಾಲ್ಕನೇ ಜಾರ್ಜನಿಗೆ ಕಟ್ಟಿದ್ದು, ಆದರೆ ಗುಮ್ಮಟ, ಗೋಪುರ ಎಲ್ಲ ನಮ್ಮ ದೇಶದ್ದೇ ಮಾದರಿ. ಮೊದಲನೇ ಮಹಾಯುದ್ಧದಲ್ಲಿ, 1914ರ ಕೊನೆಯಿಂದ 1916ರ ಆರಂಭದವರೆಗೆ, ಆ ಅರಮನೆಯೇ ಗಾಯಗೊಂಡ ಭಾರತೀಯ ಸಿಪಾಯಿಗಳ ಆಸ್ಪತ್ರೆ. ಜಾತಿ, ಧರ್ಮ ನೋಡಿ ಬೇರೆ ಬೇರೆ ಅಡುಗೆಮನೆ ಮಾಡಿದ್ದರು. ತೂಗುದೀಪದ ಕೆಳಗೆ ಸಾಲು ಮಂಚ, ಮಂಚದ ಮೇಲೆ ಪೇಟ ಸುತ್ತಿದ ಸಿಪಾಯಿಗಳು. ಅದರ ಫೋಟೋ ತೆಗೆದು ಪೋಸ್ಟ್ ಕಾರ್ಡ್ ಮಾಡಿದರು. ನೋಡಿದವರು, ಆಹಾ, ನಮ್ಮವರನ್ನು ಅರಮನೆಯಲ್ಲಿ ಇಟ್ಟಿದ್ದಾರೆ ಅನ್ನಬೇಕು! ಸಿಪಾಯಿಗಳು ಊರಿಗೆ ಬರೆದ ಕಾಗದವನ್ನು ಮಾತ್ರ ಸೆನ್ಸಾರಿನವರು ಓದಿಯೇ ಬಿಡುತ್ತಿದ್ದರು. ಸೆನ್ಸಾರ್ ಕಾಟ ನಮ್ಮ ಸಿನಿಮಾಕ್ಕೆ ಮಾತ್ರ ಅಂತ ತಿಳಿಯಬೇಡಿ.

ಉಳಿಯದೇ ಹೋದ ಹಿಂದೂ, ಸಿಖ್ ಸಿಪಾಯಿಗಳನ್ನು ಊರಾಚೆ ಗುಡ್ಡದ ಮೇಲೆ ದಹನ ಮಾಡಿದರು. ಆ ಜಾಗದಲ್ಲಿ 1921ರಲ್ಲಿ ಬಿಳಿ ಅಮೃತಶಿಲೆಯ ಛತ್ರಿ ಎದ್ದಿತು. ಹೆಸರೂ 'ಛತ್ರಿ' ಅಂತಲೇ. 2010ರಲ್ಲಿ ಅಲ್ಲಿ 53 ಜನರ ಹೆಸರು ಕೆತ್ತಿದ ಕಲ್ಲು ಇಟ್ಟರು. ಅವರ ಬೂದಿಯನ್ನು ಬಿಟ್ಟದ್ದು ಇದೇ ಕಡಲಿಗೆ.

ಸಂಜೆ ಐದೂ ಹುಡುಗರು ಬಸ್ಸು ಹಿಡಿದು, ಆಮೇಲೆ ಕುರಿ ಮೇಯುವ ಗುಡ್ಡ ಹತ್ತಿ ಅಲ್ಲಿಗೆ ಹೋದರಂತೆ. ಆ ಹುಡುಗ 53 ಹೆಸರನ್ನೂ ಒಂದೊಂದಾಗಿ ಓದಿದ. ಇಳಿಯುವಾಗ, "ಇವರ ಮಕ್ಕಳೂ ಬರೋಕಾಗಿರಲಿಲ್ಲ ಅಲ್ವಾ?" ಅಂದನಂತೆ, ಅಷ್ಟೇ. ಅವತ್ತು ರಾತ್ರಿ ರೂಮಿನ ಬಾಗಿಲು ಹಾಕಿಕೊಳ್ಳಲಿಲ್ಲ.

* * *

ಮಾರನೇ ದಿನ ಬೆಳಗ್ಗೆ ಮಾವನ ಮನೆಗೆ ಹೋದೆ. ಹೇಳೋದೋ ಬಿಡೋದೋ ಅಂತ ದಾರಿಯುದ್ದಕ್ಕೂ ಯೋಚನೆ. ಸುಳ್ಳು ಹೇಳಿದರೆ ಮಗ ಕುಡುಕನಾಗಿ ಉಳೀತಾನೆ. ನಿಜ ಹೇಳಿದರೆ ಮಾವನ ಎದೆಗೆ ಕಲ್ಲು. ಕೊನೆಗೆ ನಿಜವನ್ನೇ ಹೇಳಿದೆ.

ಮಾವ ಮತ್ತೆ ಆ ಫೋಟೋ ತೆಗೆದರು. ಎರಡು ಬೆರಳಿನಲ್ಲಿ ಹಿಗ್ಗಿಸಿದರು. ಕಡಲು ಹೋಯಿತು, ಆಕಾಶ ಹೋಯಿತು. ಟೋಪಿ, ಕನ್ನಡಕ, ಅದರ ಕೆಳಗೆ ಒದ್ದೆ ಕೆನ್ನೆ, ಅಷ್ಟೇ ಉಳಿಯಿತು. ಸ್ಮಿತ್ ಮಹಾಶಯ ಅದೇ ಊರಲ್ಲಿ 1900ರಲ್ಲಿ ಮಾಡಿದ ಕೆಲಸವನ್ನು ನಮ್ಮ ಕಂಡಕ್ಟರ್ ಮಾವ ಜಗಲಿ ಮೇಲೆ ಕೂತು ಮಾಡಿದರು. ಬೀದಿಯವರು, ನೆಂಟರು, ನಾನು, ಎಲ್ಲರೂ ಲಾಂಗ್ ಷಾಟ್ ನೋಡಿಯೇ ವಿಮರ್ಶೆ ಬರೆದುಬಿಟ್ಟಿದ್ದೆವು.

"ನನಗೇನಾದ್ರೂ ಆದ್ರೆ ಪರೀಕ್ಷೆ ಬಿಟ್ಟು ಬರೋದು ಬೇಡ ಅಂತ ಅವನಿಗೆ ಹೇಳಪ್ಪಾ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇಡ. ನಾನೇ ಹೇಳ್ತೀನಿ" ಅಂದರು.

ಅಲ್ಲಿ ಇನ್ನೂ ಬೆಳಗಿನ ಜಾವ. ಮಾವ ಮಧ್ಯಾಹ್ನದ ತನಕ ಕಾದು ಫೋನು ಮಾಡಿದರು. ಮಗ ಗಾಬರಿಯಿಂದ "ಅಪ್ಪಾ, ಆ ಫೋಟೋ..." ಅಂತ ಶುರು ಮಾಡಿದ.

"ಅದಿರಲಿ. ಆ ಟೋಪಿ ಹುಡುಗನಿಗೆ ಕೊಡು" ಅಂದರು ಮಾವ.

ಫೋನು ಕೈ ಬದಲಾಯಿತು. ಗುರುತಿಲ್ಲ, ಪರಿಚಯವಿಲ್ಲ. ಮಾವ ಗಂಟಲು ಸರಿಮಾಡಿಕೊಂಡು ಕೇಳಿದರು.

"ಊಟ ಮಾಡಿದ್ಯೇನಪ್ಪಾ?"

ಆಮೇಲೆ ಅವರಿಬ್ಬರೂ ಅರ್ಧ ಗಂಟೆ ಮಾತಾಡಿದರು. ಏನು ಮಾತಾಡಿದರು ಅಂತ ನಾನು ಕೇಳಲಿಲ್ಲ. ಪೇಪರಿನವನಾದರೂ ಎದ್ದು ಹೊರಗೆ ಬಂದೆ.

(ಇದನ್ನೆಲ್ಲ ಮಾವನನ್ನೂ ಹುಡುಗರನ್ನೂ ಕೇಳಿಯೇ ಬರೆದಿದ್ದೇನೆ. ಆ ನೆಂಟರಿಗೆ ಮಾತ್ರ ಪತ್ರಿಕೆಯ ಒಂದು ಪ್ರತಿ ನಾನೇ ಕೊಂಡು ಕಳಿಸುತ್ತೇನೆ. ಮುಂದಿನ ವಾರ ಮತ್ತೆ ಗಾಂಧಿನಗರದ ಕಡೆ ಹೋಗೋಣ. ಬರಲಾ?)