ಹಣ ತಾಂಡಾದ ಕೈಗೆ ಬರಲಿ



ಮುಂಡರಗಿ ತಾಲೂಕಿನ ಒಂದು ಲಂಬಾಣಿ ತಾಂಡಾದ ಶಾಲೆಯಲ್ಲಿ ನಾನು ಮಾಸ್ತರನಾಗಿದ್ದೆ. ದೀಪಾವಳಿ ಮುಗಿಯಿತೆಂದರೆ ಹಾಜರಿ ಪುಸ್ತಕದಲ್ಲಿ ಅರ್ಧ ಹೆಸರಿನ ಮುಂದೆ ಗೈರು. ತಾಯಿತಂದೆ ಗೋವೆಗೋ ಮಂಗಳೂರಿಗೋ ಗುಳೆ ಹೊರಟರೆ ಮಕ್ಕಳೂ ಅವರ ಬೆನ್ನು ಹತ್ತುತ್ತಿದ್ದವು. ಊರಲ್ಲೇ ಉಳಿಯುವ ದಾರಿಯನ್ನು ಅಲ್ಲಿಯ ಹೆಣ್ಣುಮಕ್ಕಳೇ ಹುಡುಕಿದರು: ಬಾವಿಯ ಹೂಳು ತೆಗೆಸುವದು, ಹತ್ತು ಮನೆಗೆ ಎರಡೆರಡು ಆಡು ಕೊಡಿಸುವದು. ಎಲ್ಲ ಕೂಡಿ ಮೂರು ಲಕ್ಷದೊಳಗಿನ ಬಾಬು. ಅರ್ಜಿ ನಾನೇ ಬರೆದುಕೊಟ್ಟೆ. ಕಚೇರಿಯವರು ಕೇಳಿದ್ದೇನು? ಮೂರು ವರ್ಷದ ಆಡಿಟ್ ವರದಿ, ಇಂಗ್ಲಿಷಿನಲ್ಲಿ ಯೋಜನಾ ವರದಿ! ವರ್ಷ ಕಳೆದ ಮೇಲೆ ಬಂದದ್ದು ಯಾರೂ ಬೇಡದ ಸಮುದಾಯ ಭವನ. ಕಟ್ಟಿದವನು ಗುತ್ತೇದಾರ, ಹಾರ ಹಾಕಿಸಿಕೊಂಡವನು ಪುಢಾರಿ. ಬಾವಿಯ ಹೂಳು ಬಾವಿಯಲ್ಲೇ ಉಳಿಯಿತು.

ಲಂಬಾಣಿಗರು ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಬೇಡ-ನಾಯಕರು ಇಲ್ಲಿ ಪಂಗಡ. ಪಟ್ಟಿ ಯಾವುದಾದರೇನು, ಕಚೇರಿಯ ಮಾತು ಒಂದೇ: “ಇವರ ಕೈಗೆ ದುಡ್ಡು ಕೊಟ್ಟರೆ ಲೆಕ್ಕ ಇಟ್ಟಾರೆಯೇ?”

ಈ ಸಂಶಯ ಹೊಸದಲ್ಲ. 1871ರಲ್ಲಿ ಬ್ರಿಟಿಷರು ಬುಡಕಟ್ಟಿಗೆ ಬುಡಕಟ್ಟನ್ನೇ ಹುಟ್ಟುಗಳ್ಳರೆಂದು ಸಾರುವ ಕಾಯ್ದೆ ತಂದರು. 1952ರಲ್ಲಿ ಅದು ರದ್ದಾಯಿತು. ಬೆಟಗೇರಿಯಲ್ಲಿ ಸೆಟ್ಲಮೆಂಟ್ ಎಂಬ ಹೆಸರು ಮಾತ್ರ ಉಳಿದಿದೆ. ಕಾರಕೂನನ ತಲೆಯಲ್ಲಿ ಆ ಕಾಯ್ದೆಯೂ ಉಳಿದಿದೆ.

ಲೆಕ್ಕ ಬಲ್ಲವರು ಮಾಡಿದ್ದೇನು? 2024ರಲ್ಲಿ ಪರಿಶಿಷ್ಟ ಪಂಗಡದವರಿಗೆಂದೇ ಇರುವ ಮಹರ್ಷಿ ವಾಲ್ಮೀಕಿ ನಿಗಮದ 187 ಕೋಟಿ ರೂಪಾಯಿ ಒಂದು ಖಾತೆಯಿಂದ ಇನ್ನೊಂದಕ್ಕೆ ಹರಿಯಿತು. ಅದರಲ್ಲಿ 89 ಕೋಟಿಯಷ್ಟು ಕಂಡವರ ಪಾಲಾಯಿತು. ನಿಗಮದ ಒಬ್ಬ ನೌಕರ ಪ್ರಾಣ ಕಳೆದುಕೊಂಡ. ಮಂತ್ರಿ ರಾಜೀನಾಮೆ ಕೊಟ್ಟ. ಆ ಹಣವನ್ನು ನುಂಗಿದವರು ಬೇಡರ ಓಣಿಯವರೇ? ಆಡು ಕೇಳಿದ ಹೆಂಗಸರೇ?

ನಮ್ಮ ಗದಗ ತಾಲೂಕಿನ ಕಣಗಿನಹಾಳವನ್ನು ನೋಡಿರಿ. 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಅಲ್ಲಿಯ ಒಕ್ಕಲಿಗರು ಸಹಕಾರಿ ಪತ್ತಿನ ಸಂಘ ಕಟ್ಟಿದರು. ಸಾಹುಕಾರನ ಬಡ್ಡಿಗೆ ಎದುರಾಗಿ ಹಳ್ಳಿಗರೇ ಹಣ ಕೂಡಿಸಿ, ಹಳ್ಳಿಗರೇ ಲೆಕ್ಕ ಇಟ್ಟರು. ಇನ್ನು 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕು ದೊರೆಯಿತು. ಕಾಡನ್ನೇ ಕಾಯಬಲ್ಲವರಿಗೆ ಮೂರು ಲಕ್ಷ ರೂಪಾಯಿ ಕಾಯಲು ಬಾರದೆಂದು ಯಾರು ಹೇಳಬೇಕು? ಹೊರದೇಶಗಳಲ್ಲಿಯೂ ಇದು ಹೊಸ ಮಾತಲ್ಲ. ಜಾಗತಿಕ ಪರಿಸರ ನಿಧಿಯ ಸಣ್ಣ ಅನುದಾನ ಯೋಜನೆ 1992ರಿಂದ ಸ್ಥಳೀಯ ಜನರ ಸಂಘಗಳಿಗೆ ಹಣ ಕೊಡುತ್ತ ಬಂದಿದೆ.

ಸಣ್ಣ ಅನುದಾನದಿಂದ ಬಡತನ ನೀಗುವದೆಂದು ನಾವು ಹೇಳುವದಿಲ್ಲ. ಭೂಮಿ ಬೇಕು, ನ್ಯಾಯವಾದ ಕೂಲಿ ಬೇಕು. ಆ ಹೋರಾಟವನ್ನು ಈ ಹಣಕ್ಕೆ ಮಾರುವವರು ನಾವಲ್ಲ. ಆದರೆ ತನ್ನ ಬಾವಿಯ ಬಗ್ಗೆ ತಾನೇ ತೀರ್ಮಾನಿಸಿದ ತಾಂಡಾ ನಾಳೆ ತನ್ನ ಭೂಮಿಯ ಬಗ್ಗೆಯೂ ಬಾಯಿ ತೆರೆಯುವದು. ಪುಢಾರಿಗಳ ಅಂಜಿಕೆ ಇದೇ.

ನಮ್ಮ ಬೇಡಿಕೆ ಮೂರು. ಕೆಲಸ ಯಾವುದೆಂದು ತಾಂಡಾ, ಓಣಿಯ ಸಭೆಯೇ ಗೊತ್ತುಮಾಡಲಿ. ಹಣ ಗುತ್ತೇದಾರನ ಮುಖ ಕಾಣದೆ ನೇರವಾಗಿ ಅವರ ಸಂಘದ ಖಾತೆಗೆ ಬರಲಿ. ಅರ್ಜಿ ಕನ್ನಡದಲ್ಲಿ ಒಂದೇ ಹಾಳೆಯದಾಗಿರಲಿ, ಲೆಕ್ಕವನ್ನು ಕಟ್ಟೆಯ ಮೇಲೆ ಎಲ್ಲರೆದುರು ಓದಲಿ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಸಂಗಾತಿಗಳೇ, ಗುಳೆ ಹೊರಡುವ ಮೊದಲೇ ಸಭೆ ಕೂಡಿಸಿರಿ, ಠರಾವು ಬರೆಯಿರಿ. ಹೆಬ್ಬೆಟ್ಟು ಒತ್ತಿದ ಠರಾವೂ ಠರಾವೇ!